ನೆನಪಿಲ್ಲದ ಯಂತ್ರ

ನಮ್ಮವರು ಹದಿನಾರು ವರ್ಷ ಒಂದು ಪೆಟ್ಟಿಗೆಯೊಳಗೆ ಕೂತು ಸಂಸಾರ ಸಾಕಿದರು. ಬಣ್ಣ ಕಟ್ಟಿ ಹೇಳುತ್ತಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಅವರು ಲಿಫ್ಟ್ ಆಪರೇಟರ್. ಒಂದು ಸ್ಟ್ರೆಚರು, ಅದನ್ನು ತಳ್ಳುವವನು, ಹಿಂದೆ ಕಣ್ಣೊರೆಸಿಕೊಳ್ಳುವ ಇಬ್ಬರು ನೆಂಟರು, ಮೂಲೆಯ ಸ್ಟೂಲಿನ ಮೇಲೆ ಇವರು, ಅಷ್ಟಕ್ಕೇ ಲಿಫ್ಟು ಭರ್ತಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಎಂಟು ಮಹಡಿಗಳ ನಡುವೆ ಓಡಾಟ. ನರ್ಸುಗಳು ಇವರಿಗೆ ಮೇಲೆಕೆಳಗಣ್ಣ ಅಂತ ಹೆಸರಿಟ್ಟಿದ್ದರು. ಇಷ್ಟು ಓಡಾಡಿದ ಮನುಷ್ಯ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲವಲ್ಲ ಎಂದು ನಾನೇ ಎಷ್ಟೋ ಸಲ ಚುಚ್ಚಿದ್ದೇನೆ. ನನ್ನ ನಾಲಿಗೆಯೇ ಹಾಗೆ, ಸೂಜಿ ಹಿಡಿದವಳ ನಾಲಿಗೆ.

ನಾನು ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ನಮ್ಮದು ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪಕ್ಕ ನನ್ನ ಹೊಲಿಗೆ ಮಿಷನ್ನು, ಗೋಡೆಗಂಟಿ ಮಾವನ ಮಂಚ, ನಡುವೆ ಒಂದು ಮೇಜು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಹಗಲೆಲ್ಲ ಊರಿನವರನ್ನು ಮೇಲೆ ಹತ್ತಿಸಿದವರು ಸಂಜೆ ಅರವತ್ತೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಿದ್ದರು.

ಇವರಿಗೆ ಕುಣಿತದ ಸಂಗೀತದ ಹುಚ್ಚು ಹಿಡಿದದ್ದೂ ಆ ಪೆಟ್ಟಿಗೆಯೊಳಗೇ. ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕೈಕಾಲು ಸೆಟೆದುಕೊಂಡವರಿಗೆ ವ್ಯಾಯಾಮ ಮಾಡಿಸುತ್ತಾರೆ. ಅಲ್ಲಿನ ಕಸರತ್ತಿನ ಮೇಡಂ ದೊಡ್ಡ ಸ್ಪೀಕರಿನಲ್ಲಿ ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್ ಹಾಕುತ್ತಿದ್ದರು. ಮಾತಿಲ್ಲ, ಪಲ್ಲವಿಯಿಲ್ಲ. ಕೆಳಗೆ ಧಬ್ ಧಬ್ ಧಬ್ ಧಬ್ ಎಂದು ಒಂದೇ ಸಮನೆ ಏಟು, ಅದರ ಮೇಲೆ ಏರುತ್ತಾ ಹೋಗುವ ಒಂದು ಸದ್ದು. ಆ ಏಟಿಗೆ ಕಾಲೆತ್ತಿದರೆ ನೋವು ಮರೆಯುತ್ತದಂತೆ. ಲಿಫ್ಟಿನ ಬಾಗಿಲು ತೆರೆದು ಮುಚ್ಚಲು ಹನ್ನೆರಡು ಸೆಕೆಂಡು. ಇವರ ಪಾಲಿಗೆ ಸಂಗೀತ ಅಂದರೆ ಆ ಹನ್ನೆರಡು ಸೆಕೆಂಡು. ಸದ್ದು ಏರುತ್ತಿರುತ್ತದೆ, ಇನ್ನೇನು ಮೇಲೆ ಮುಟ್ಟಬೇಕು, ಬಾಗಿಲು ಮುಚ್ಚುತ್ತದೆ. ಹದಿನಾರು ವರ್ಷದಲ್ಲಿ ಇವರು ಒಂದು ಹಾಡನ್ನೂ ಕೊನೆಯವರೆಗೆ ಕೇಳಿರಲಿಲ್ಲ.

"ಮೊಬೈಲಲ್ಲಿ ಹಾಕ್ಕೊಂಡು ಕೇಳಿ, ಯಾರು ಬೇಡ ಅಂತಾರೆ?" ಎಂದೆ ಒಮ್ಮೆ.

"ಅದು ಬೇರೆ ಕಣೇ. ಬಾಗಿಲು ಮುಚ್ಚಿದ ಮೇಲೆ ಮಿಕ್ಕಿದ್ದನ್ನ ನಾನೇ ತಲೇಲಿ ಮಾಡ್ಕೊಂಡಿರ್ತೀನಿ. ಅದು ಮೊಬೈಲಲ್ಲಿ ಎಲ್ಲಿ ಸಿಗುತ್ತೆ?" ಎಂದರು.

ನನಗೆ ಆಗ ನಗು ಬಂತು. ಈಗ ಬರುವುದಿಲ್ಲ.

ಆಸ್ಪತ್ರೆಯ ನೌಕರರ ಸಂಘದಲ್ಲಿ ಒಂದು ಪದ್ಧತಿಯಿದೆ. ಹದಿನೈದು ವರ್ಷ ದಾಟಿದವರಿಗೆ ಅವರು ಕೇಳಿದ ಒಂದು ವಸ್ತು ಕೊಡುತ್ತಾರೆ. ಜೀವಮಾನಕ್ಕೆ ಒಂದೇ ಸಲ. ಫಾರಂನಲ್ಲಿ ಫ್ರಿಜ್, ವಾಷಿಂಗ್ ಮಷೀನ್, ಬೀರು, ಮಂಚ ಎಂದೆಲ್ಲ ಅಚ್ಚಾಗಿರುತ್ತದೆ, ಟಿಕ್ ಹಾಕಿದರಾಯಿತು. ನಾನು ವಾಷಿಂಗ್ ಮಷೀನ್ ಅಂತ ಎಂದೋ ನಿಶ್ಚಯ ಮಾಡಿದ್ದೆ. ಬಚ್ಚಲಿನ ಬಾಗಿಲ ಪಕ್ಕದ ಜಾಗವನ್ನು ಟೇಪು ಹಿಡಿದು ಅಳೆದೂ ಇಟ್ಟಿದ್ದೆ. ಹಗಲೆಲ್ಲ ಹೊಲಿದು ಸಂಜೆ ಬಟ್ಟೆ ಹಿಂಡಿದರೆ ಮಣಿಕಟ್ಟು ಕಿತ್ತು ಬರುವಂತೆ ನೋಯುತ್ತದೆ. ಇವರಿಗೆ ಅದು ಗೊತ್ತು. ಗೊತ್ತಿದ್ದೂ ಫಾರಂನ ಕೊನೆಯಲ್ಲಿದ್ದ 'ಇತರೆ' ಎಂಬ ಸಾಲಿನಲ್ಲಿ ಮುದ್ದಾದ ಅಕ್ಷರದಲ್ಲಿ ಸಿಂಥಸೈಸರ್ ಎಂದು ಬರೆದು ಬಂದರು. ಸಂಗೀತದ ಸದ್ದು ಹುಟ್ಟಿಸುವ ಯಂತ್ರವಂತೆ. ಸಂಘದ ಕಾರ್ಯದರ್ಶಿ ಅದನ್ನು ಹಲ್ಲಿನ ಡಾಕ್ಟರ ಸಾಮಾನು ಅಂದುಕೊಂಡರಂತೆ.

ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಇವರೇ ನನ್ನ ಮಿಷನ್ನಿನ ಮುಂದೆ ಬಂದು ಕೂತರು.

"ಲಿಫ್ಟಿಗೆ ಇನ್ನು ಆಪರೇಟರ್ ಬೇಡವಂತೆ. ಬರೋರೇ ಗುಂಡಿ ಒತ್ಕೊಳ್ಳೋದಂತೆ. ನನ್ನ ನೆಲಮಾಳಿಗೆಗೆ ಹಾಕಿದಾರೆ, ಹಳೇ ಫೈಲು ಇಡೋ ಕೋಣೆಗೆ. ಅಲ್ಲಿ ಕಿಟಕೀನೂ ಇಲ್ಲ."

"ಯಾವಾಗಿಂದ?"

"ಇನ್ನು ಮೂರು ತಿಂಗಳು. ಕಸರತ್ತಿನ ಮೇಡಂಗೆ ಹೇಳಿದೆ. ನೀವೇ ಒಂದು ಮಾಡ್ಕೊಂಡ್ ಬನ್ನಿ, ನಿಮ್ಮ ಕೊನೇ ದಿನ ನಾಲ್ಕನೇ ಮಹಡೀಲಿ ಪೂರ್ತಿ ಹಾಕ್ತೀನಿ ಅಂದ್ರು. ಒಂದೇ ಒಂದು ಮಾಡಿ ಇಳೀತೀನಿ ಕಣೇ. ಆಮೇಲೆ ಎಲ್ಲಿಗೆ ಹಾಕಿದ್ರೂ ಹಾಕ್ಲಿ."

ಅಳೆದಿಟ್ಟ ಜಾಗದಲ್ಲಿ ಬಕೆಟ್ಟು ಇಟ್ಟೆ.

ಯಂತ್ರವನ್ನು ಆಯ್ಕೆ ಮಾಡಲು ಇವರು ಮೂರು ರಜಾದಿನ ಅಂಗಡಿಗೆ ಅಲೆದರು. ಮೂರನೇ ಸಲ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಪಾಪ, ತಾಳ್ಮೆಯ ಮನುಷ್ಯ. ಎರಡು ಯಂತ್ರಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಒಂದು ಬೆಳ್ಳಗೆ, ನಡುವೆ ಪರದೆ, ಉದ್ದಕ್ಕೆ ಕೀಬೋರ್ಡು.

"ಇದರಲ್ಲಿ ಮೂರು ಸಾವಿರ ಸದ್ದು ರೆಡಿ ಇದೆ ಅಣ್ಣ. ನಂಬರ್ ಒತ್ತಿದ್ರೆ ಬಂತು. ನೀವು ಮಾಡಿದ್ದೆಲ್ಲ ಒಳಗೇ ಉಳಿಯುತ್ತೆ, ವರ್ಷ ಬಿಟ್ಟು ಬಂದ್ರೂ ಇರುತ್ತೆ," ಎಂದರು ಅಂಗಡಿಯವರು.

ನಮ್ಮವರು ಒಂದು ನಂಬರ್ ಒತ್ತಿದರು. ಮದುವೆಮನೆಯಷ್ಟು ಗದ್ದಲ ಒಂದೇ ಬೆರಳಿಗೆ ಬಂತು. ನನಗಂತೂ ಅದೇ ಸಾಕೆನಿಸಿತು. ಇವರು ಮುಖ ಹುಳ್ಳಗೆ ಮಾಡಿಕೊಂಡರು.

"ಇದೂ ಲಿಫ್ಟೇ. ನಂಬರ್ ಒತ್ತೋದು, ಯಾರೋ ಕಟ್ಟಿಟ್ಟ ಮಹಡೀಲಿ ಇಳಿಯೋದು. ಬೇಡ," ಎಂದರು.

ಇನ್ನೊಂದು ಕಪ್ಪಗೆ ಊಟದ ತಟ್ಟೆಯಷ್ಟಿತ್ತು. ಪರದೆಯಿಲ್ಲ. ಮೇಲೆಲ್ಲ ತಿರುಗಿಸುವ ನಾಬುಗಳು, ಕೆಳಗೆ ಸಾಲಾಗಿ ಹದಿನಾರು ಗುಂಡಿ. ಗುಂಡಿ ಒತ್ತಿದರೆ ಅದರೊಳಗೆ ಕೆಂಪು ದೀಪ ಹತ್ತುತ್ತದೆ, ಸರದಿ ಬಂದಾಗ ಅಲ್ಲಿ ಏಟು ಬೀಳುತ್ತದೆ. ಅದೇ ಹದಿನಾರು ಗುಂಡಿಗಳಲ್ಲಿ ಒಂದರ ಮೇಲೊಂದು ನಾಲ್ಕು ಪದರ ಹೊಂದಿಸಬಹುದು. ಇವರು ಒಂದು ನಾಬನ್ನು ಮೆಲ್ಲಗೆ ತಿರುಗಿಸಿದರು. ನೆಲದೊಳಗಿಂದ ಯಾರೋ ಎದ್ದು ಬಂದ ಹಾಗೆ ಒಂದು ಸದ್ದು ಏರಿತು. ಇವರ ಮುಖ ನೋಡಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಮುಖ ನಾನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

"ಅಣ್ಣ, ಮೊದಲೇ ಹೇಳಿಬಿಡ್ತೀನಿ," ಎಂದರು ಅಂಗಡಿಯವರು. "ಇದಕ್ಕೆ ನೆನಪಿಲ್ಲ. ಕರೆಂಟ್ ಹೋಯ್ತಾ, ಗುಂಡಿಗಳಲ್ಲಿ ಹಾಕಿದ್ದೆಲ್ಲ ಹೋಯ್ತು. ಯಾರೂ ಅದಕ್ಕೇ ತಗೊಳ್ಳಲ್ಲ. ಹಿಂದೆ ಬ್ಯಾಟರಿ ಇದೆ, ಕರೆಂಟ್ ಹೋದ್ರೆ ಒಂದೈದು ನಿಮಿಷ ತಡೆಯುತ್ತೆ, ಅಷ್ಟೇ."

"ಒಳ್ಳೇದೇ ಆಯ್ತು. ದಿನಾ ಹೊಸದಾಗಿ ಶುರು ಮಾಡಬಹುದು," ಎಂದರು ನಮ್ಮವರು.

ಯಂತ್ರ ಮನೆಗೆ ಬಂತು. ಮೊದಲ ಸಮಸ್ಯೆ ಮಾವನದು. ಮಾವ ಮೂವತ್ತು ವರ್ಷ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದಿದವರು. ಕೋಣೆಯಿಂದ ಕೋಣೆಗೆ ಹೋಗುವಾಗ ಸ್ವಿಚ್ಚುಗಳೆಲ್ಲ ಆಫ್. ವಾಕಿಂಗ್ ಹೊರಟರೆ ಬಾಗಿಲ ಬಳಿಯ ಬೋರ್ಡಿನ ಮೇಲೆ ಕೈಯಾಡಿಸದೆ ಚಪ್ಪಲಿ ಮೆಟ್ಟುವವರೇ ಅಲ್ಲ. ನಾನು ಅಡುಗೆಮನೆಯಲ್ಲಿ ಇರುವಾಗಲೇ ದೀಪ ತೆಗೆದ ಮಹಾನುಭಾವರು. ಇತ್ತೀಚೆಗೆ ಮರೆವು ಬೇರೆ. ಮೊದಲ ವಾರದಲ್ಲೇ ಎರಡು ಸಲ ಯಂತ್ರ ಆಫ್ ಆಯಿತು. ನಮ್ಮವರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಅಪ್ಪ, ಇದೊಂದು ಬೇಡ' ಎಂದು ಬರೆದು ಬೋರ್ಡಿಗೆ ತೂಗುಹಾಕಿದರು. ಮಾವ ಪ್ರತಿ ಸಲ ಅದನ್ನು ಜೋರಾಗಿ ಓದಿ, "ಸರಿಯಪ್ಪ," ಎಂದು ಯಂತ್ರಕ್ಕೆ ಹೇಳಿ ಹೋಗುತ್ತಿದ್ದರು.

ಎರಡನೆಯ ಸಮಸ್ಯೆ ನನ್ನದು. ಕೋಣೆಯಲ್ಲಿ ಗಟ್ಟಿಯಾದ ಪ್ಲಗ್ ಪಾಯಿಂಟ್ ಒಂದೇ. ಅದರಲ್ಲಿ ನನ್ನ ಇಸ್ತ್ರಿ ಪೆಟ್ಟಿಗೆ ಇರುತ್ತಿತ್ತು, ಈಗ ಯಂತ್ರ ಕೂತಿತು. ಮೇಜೂ ಅದರದ್ದೇ. ನಾನು ಇಸ್ತ್ರಿಯನ್ನು ಅಡುಗೆಮನೆಗೆ ಸಾಗಿಸಿದೆ. ಒಲೆಯ ಪಕ್ಕ ನೆಲದ ಮೇಲೆ ಕಂಬಳಿ ಹಾಸಿ, ಬಗ್ಗಿ ಬಗ್ಗಿ ಚಡ್ಡಿಗಳಿಗೆ ಮಡಿಕೆ ಕೂರಿಸಿದೆ. ಸಂಜೆಯೆಲ್ಲ ಅದೇ ಧಬ್ ಧಬ್. ಹೆಡ್‌ಫೋನು ತಂದುಕೊಂಡ ಮೇಲೆ ಸದ್ದು ನಿಂತಿತು, ಆದರೆ ಇವರೂ ಇಲ್ಲವಾದರು. ಎದುರಿಗೇ ಕೂತಿದ್ದರೂ ನಾನು ಕರೆದರೆ ಕೇಳುತ್ತಿರಲಿಲ್ಲ. ಅವರು ಒಂದು ಪೆಟ್ಟಿಗೆಯಿಂದ ಇಳಿದು ಇನ್ನೊಂದನ್ನು ಹೊಕ್ಕಿದ್ದರು. ನಾನು ಬಟ್ಟೆ, ಬಕೆಟ್ಟು, ಬಿಸಿ ಇಸ್ತ್ರಿಯ ನಡುವೆ ಹೊರಗೆ ಉಳಿದೆ.

ಒಂದೂವರೆ ತಿಂಗಳು ದಿನಾ ಮಾಡಿ ದಿನಾ ಅಳಿಸಿದರು. ಆಮೇಲೆ ಒಂದು ಬುಧವಾರದಿಂದ ಯಂತ್ರವನ್ನು ಆಫ್ ಮಾಡುವುದನ್ನೇ ಬಿಟ್ಟರು. ಏನೋ ಕೂಡಿ ಬರುತ್ತಿದೆ, ಮುಟ್ಟಬೇಡಿ ಎಂದರು. ಎಂಟು ದಿನ ಆ ಕೆಂಪು ದೀಪಗಳು ಹಗಲೂ ರಾತ್ರಿ ಮಿನುಗಿದವು. ಅಂಗಡಿಯವರು ಅದರ ಮುಂದಿನ ವಾರದ ಭಾನುವಾರ ರೆಕಾರ್ಡರ್ ತಂದು ಇಳಿಸಿಕೊಡುತ್ತೇನೆಂದು ಒಪ್ಪಿದ್ದರು. ಮರುದಿನ ಸೋಮವಾರವೇ ಇವರ ಕೊನೆಯ ದಿನ.

"ಒಂದೊಂದು ಪದರಾನೂ ಫೋಟೋ ತೆಗೆದಿಟ್ಕೊಳ್ಳಿ ಅಂದಿದ್ರಲ್ಲ ಅಂಗಡಿಯವರು?" ಎಂದು ನಾನೇ ಕೇಳಿದೆ.

"ಮುಗೀದೆ ಇದ್ದದ್ದಕ್ಕೆ ಏನು ಫೋಟೋ? ಕೊನೆ ಸಿಗ್ಲಿ, ತೆಗೀತೀನಿ."

ಒಂಬತ್ತನೇ ದಿನ, ಗುರುವಾರ ಬೆಳಿಗ್ಗೆ ಆರು ಗಂಟೆಗೆ, ಡ್ಯೂಟಿಗೆ ಹೊರಡುವ ಹೊತ್ತಿನಲ್ಲಿ, ಹೆಡ್‌ಫೋನು ತೆಗೆದು ನನ್ನ ಭುಜ ಅಲುಗಾಡಿಸಿದರು. "ಕೂತಿತು ಕಣೇ. ಕೊನೇನೂ ಸಿಕ್ತು. ಸಂಜೆ ಬಂದ ತಕ್ಷಣ ಫೋಟೋ ತೆಗೀತೀನಿ, ನಿನಗೂ ಕೇಳಿಸ್ತೀನಿ." ಬಸ್ಸು ತಪ್ಪೀತೆಂದು ಓಡಿದರು.

ಹತ್ತು ಗಂಟೆಗೆ ಅಡುಗೆಮನೆಯ ಪ್ಲಗ್ ಪಾಯಿಂಟ್ ಚಟ್ ಎಂದು ಕಿಡಿ ಕಾರಿ ಸತ್ತಿತು. ನಲವತ್ತು ಯೂನಿಫಾರ್ಮ್ ಇಸ್ತ್ರಿಯಾಗಬೇಕಿತ್ತು. ಒಂದು ಗಂಟೆಗೆ ಶಾಲೆಯ ಆಯಾ ಬರುವವಳಿದ್ದಳು. ಮಾವ ವಾಕಿಂಗ್ ಹೋಗಿದ್ದರು. ಪಕ್ಕದ ಮನೆಯ ಬಾಗಿಲು ತಟ್ಟಬಹುದಿತ್ತು. ಆ ಮನೆಯಾಕೆ ಒಳ್ಳೆಯವರು, ಬನ್ನಿ ಅನ್ನುತ್ತಿದ್ದರು. ಅದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಮೇಜಿನ ಮೇಲೆ ಆ ಕೆಂಪು ದೀಪಗಳು ಮಿನುಗುತ್ತಿದ್ದವು, ನನ್ನ ಸೊಂಟ ನೋಯುತ್ತಿತ್ತು. ವಾಷಿಂಗ್ ಮಷೀನ್ ಬಿಟ್ಟುಕೊಟ್ಟವಳು ಈಗ ಒಂದು ಪ್ಲಗ್ಗಿಗಾಗಿ ಮನೆಮನೆ ತಿರುಗಬೇಕೇ ಎಂದು ರೇಗಿತು. ಬೇಕೆಂದೇ ಕಿತ್ತೆ.

ಕೀಳುವ ಮುನ್ನ ಒಂದು ಕೆಲಸ ಮಾಡಿದೆ. ಹೊಲಿಗೆ ಬಿಚ್ಚುವ ಮೊದಲು ಗುರುತು ಹಾಕುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಬಟ್ಟೆಗೆ ಹಾಕುವ ಸೀಮೆಸುಣ್ಣ ತೆಗೆದುಕೊಂಡು, ದೀಪ ಹತ್ತಿದ್ದ ಏಳು ಗುಂಡಿಗಳ ಕೆಳಗೆ ಏಳು ಚುಕ್ಕೆ ಇಟ್ಟೆ. ಆಮೇಲೆ ಮತ್ತೆ ಒತ್ತಿದರಾಯಿತು ಎಂದುಕೊಂಡೆ. ಒಂದರ ಕೆಳಗೆ ಇನ್ನೂ ಮೂರು ಪದರಗಳಿವೆ ಎಂಬುದನ್ನು ಅಂಗಡಿಯಲ್ಲಿ ಕೇಳಿದ್ದೆ, ಕೋಪದಲ್ಲಿ ಮರೆತಿದ್ದೆ. ಬ್ಯಾಟರಿ ಐದು ನಿಮಿಷ ದೀಪ ಹಿಡಿದಿತ್ತು, ಆಮೇಲೆ ಎಲ್ಲ ಒಟ್ಟಿಗೆ ನಂದಿದವು. ನಾನು ನಲವತ್ತೂ ಇಸ್ತ್ರಿ ಮಾಡಿ, ಪ್ಲಗ್ ಮತ್ತೆ ಚುಚ್ಚಿದೆ. ಯಂತ್ರ ಎಚ್ಚರವಾಯಿತು. ಹದಿನಾರು ಗುಂಡಿಯೂ ಖಾಲಿ.

ಸಂಜೆ ಇವರು ಚಪ್ಪಲಿ ಬಿಡುವ ಮೊದಲೇ ಮೇಜಿನ ಕಡೆ ನೋಡಿದರು. ಹತ್ತಿರ ಹೋಗಿ ಬಗ್ಗಿದರು. ಆಮೇಲೆ ಸಣ್ಣ ದನಿಯಲ್ಲಿ, "ಅಪ್ಪಾ," ಎಂದರು.

ಮಂಚದ ಮೇಲಿದ್ದ ಮಾವ ಎದ್ದು ಕೂತರು. ಬೋರ್ಡಿನತ್ತ ನೋಡಿದರು, ರಟ್ಟಿನತ್ತ ನೋಡಿದರು. "ನಾನಾ? ಓದಿದ್ನಲ್ಲಪ್ಪ... ಹೊರಡುವಾಗ ಕೈ ಹೋಗಿರ್ಬೇಕು. ಹಾಳು ಅಭ್ಯಾಸ. ಹೋಯ್ತಾ ಎಲ್ಲ?"

ನಾನು ಕಾಜಾ ಹೊಲಿಯುತ್ತಿದ್ದೆ. ಮೊದಲ ನಿಮಿಷದಲ್ಲಿ ಹೇಳಿದ್ದರೆ ಒಂದು ಜಗಳಕ್ಕೆ ಮುಗಿಯುತ್ತಿತ್ತು. ಎರಡನೇ ನಿಮಿಷಕ್ಕೆ ಮಾವ ಅಳಲು ಶುರು ಮಾಡಿದ್ದರು. ಮೂರನೇ ನಿಮಿಷಕ್ಕೆ, ಈಗ ಹೇಗೆ ಹೇಳುವುದು ಎನ್ನಿಸಿತು. ಆಮೇಲೆ ಪ್ರತಿ ದಿನವೂ ಅದೇ ಮೂರನೇ ನಿಮಿಷ.

ಇವರು ಸಂಜೆಗಳನ್ನೆಲ್ಲ ಅದನ್ನೇ ಹುಡುಕುತ್ತಾ ಕಳೆದರು. ಒಂದು ಗುಂಡಿ ಒತ್ತುವರು, ತಲೆಯಾಡಿಸುವರು, ಅಳಿಸುವರು. ಒಂದು ಮಾತೂ ಬೈಯಲಿಲ್ಲ. ಮಾವ ಸ್ವಿಚ್ ಮುಟ್ಟುವುದನ್ನು ಬಿಟ್ಟರು. ವಾಕಿಂಗ್ ಬಿಟ್ಟರು, ಬೋರ್ಡಿನ ಪಕ್ಕ ಹಾಯಬೇಕಲ್ಲ. ಮುಂದಿನ ವಾರದ ಶುಕ್ರವಾರ ಸಂಜೆ ನಾನು ಬಟ್ಟೆ ಕೊಟ್ಟು ಬಂದಾಗ ಕೋಣೆ ಕತ್ತಲಾಗಿತ್ತು. ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

"ಲೈಟಾದ್ರೂ ಹಾಕ್ಕೋಬಾರ್ದಾ ಮಾವ?"

"ಬೇಡಮ್ಮ. ಈ ಕೈ ನಂಬೋ ಹಾಗಿಲ್ಲ."

ಮರುದಿನ, ಶನಿವಾರ, ಕೆಲಸವನ್ನೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಹೋದೆ. ಮನೆಯಲ್ಲಿ ಹೇಳಿದರೆ ಇವರು ಎದ್ದು ಹೋಗಬಹುದು, ನಾನೂ ಅಡುಗೆಮನೆಗೆ ನುಸುಳಬಹುದು. ಲಿಫ್ಟಿನಲ್ಲಿ ಇಬ್ಬರಿಗೂ ದಾರಿಯಿಲ್ಲ. ಒಳಗೆ ಹೋಗಿ ಇವರ ಸ್ಟೂಲಿನ ಪಕ್ಕ ನಿಂತೆ. ಜನ ಹತ್ತಿದರು, ಇಳಿದರು. ಮೂರು ಸಲ ಮೇಲೆ ಹೋದೆವು, ಮೂರು ಸಲ ಕೆಳಗೆ ಬಂದೆವು. ನಾಲ್ಕನೇ ಸಲ ಲಿಫ್ಟು ಖಾಲಿಯಾಯಿತು. ಎರಡು ಮತ್ತು ಮೂರನೇ ಮಹಡಿಗಳ ನಡುವೆ ಹೇಳಿದೆ.

"ಮಾವ ಅಲ್ಲ ರೀ. ನಾನು. ಬೇಕಂತಲೇ ಕಿತ್ತೆ."

ಇವರು ಗುಂಡಿಗಳತ್ತಲೇ ನೋಡುತ್ತಿದ್ದರು. "ಗೊತ್ತು."

"ಏನು ಗೊತ್ತು?"

"ಸೀಮೆಸುಣ್ಣದ ಚುಕ್ಕೆ ಇತ್ತು. ಅವತ್ತೇ ನೋಡಿದೆ. ಅಪ್ಪನ ಹತ್ರ ಸೀಮೆಸುಣ್ಣ ಎಲ್ಲಿರುತ್ತೆ?"

"ಮತ್ತೆ ಮಾವನ್ನ ಯಾಕೆ ಕರೆದ್ರಿ? ಒಂಬತ್ತು ದಿನ ಆ ಜೀವಾನ ಯಾಕೆ ಸುಮ್ನೆ ಬೇಯಿಸಿದ್ರಿ?"

"ಬಾಯಿಗೆ ಬಂದದ್ದು ಅಪ್ಪಾ ಅಂತ. ಆಮೇಲೆ ಚುಕ್ಕೆ ಕಂಡ್ತು. ನೀನೇ ಹೇಳ್ಲಿ ಅಂತ ಕಾದೆ. ನಿನ್ನನ್ನ ಬೈಯೋಕೆ ನನಗೆ ಮುಖ ಇರ್ಲಿಲ್ಲ. ನಿನ್ನ ವಾಷಿಂಗ್ ಮಷೀನ್ ಬಿಡಿಸಿ ನಾನು ಇದನ್ನ ತಂದವನು," ಎಂದರು.

ಬಾಗಿಲು ತೆರೆಯಿತು. ನಾಲ್ಕನೇ ಮಹಡಿ. ಧಬ್ ಧಬ್ ಎಂಬ ಸದ್ದು ಒಳಗೆ ನುಗ್ಗಿತು, ಒಬ್ಬ ಅಜ್ಜಿ ಕಂಬಿ ಹಿಡಿದು ಕಾಲೆತ್ತುತ್ತಿದ್ದಳು. ಇಬ್ಬರೂ ಹೊರಗೆ ನೋಡುತ್ತಾ ನಿಂತೆವು. ಬಾಗಿಲು ಮುಚ್ಚಿತು. ಇವರು ಕೆಲಸದ ದನಿಯಲ್ಲಿ, ಯಾರನ್ನೋ ಕೇಳುವಂತೆ, "ಯಾವ ಮಹಡಿ?" ಎಂದರು.

"ಮನೆಗೆ," ಎಂದೆ.

ಸಂಜೆ ಇಬ್ಬರೂ ಒಟ್ಟಿಗೆ ಮಾವನ ಮುಂದೆ ಕೂತೆವು. ಒಂದೂ ಬಿಡದೆ ಹೇಳಿದೆ. ಅಡುಗೆಮನೆಯ ಕಿಡಿ, ಇಸ್ತ್ರಿ, ಚುಕ್ಕೆ, ನನ್ನ ಕೋಪ. ಇವರು ಸೀಮೆಸುಣ್ಣದ ಗುರುತು ತೋರಿಸಿದರು. ನಾನು ಮಾವನ ಕಾಲು ಹಿಡಿದುಕೊಂಡೆ. ಮಾವ ಎಲ್ಲವನ್ನೂ ಶಾಂತವಾಗಿ ಕೇಳಿದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ನನಗೋಸ್ಕರ ಸುಳ್ಳು ಹೇಳ್ಬೇಡ ತಾಯಿ."

"ಸುಳ್ಳಲ್ಲ ಮಾವ! ನಾನೇ ಕಿತ್ತದ್ದು."

"ಇಲ್ಲಮ್ಮ. ಮೊದಮೊದಲು ನನಗೂ ಅನುಮಾನ ಇತ್ತು. ಈಗ ಚೆನ್ನಾಗಿ ನೆನಪಿದೆ. ಬಲಗೈಯಲ್ಲಿ ಕೋಲು ಹಿಡಿದಿದ್ದೆ. ಎಡಗೈ ಹೋಯ್ತು. ರಟ್ಟು ಅಡ್ಡ ಬಂತು, ಅದನ್ನ ಪಕ್ಕಕ್ಕೆ ಸರಿಸಿ ಒತ್ತಿದೆ. ದೀಪಗಳು ಒಂದ್ ಸ್ವಲ್ಪ ಹೊತ್ತು ಹಾಗೇ ಇದ್ವು, ಆಮೇಲೆ ಎಲ್ಲ ಒಟ್ಟಿಗೆ ಹೋದ್ವು. ಕಣ್ಣಿಗೆ ಕಟ್ಟಿದ ಹಾಗಿದೆ."

ನಾನು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ಎಷ್ಟು ಹೇಳಿದರೂ ಮಾವ ಒಪ್ಪಲಿಲ್ಲ. ಸೊಸೆ ಎಷ್ಟು ಒಳ್ಳೆಯವಳು ಎಂದು ಮಗನಿಗೆ ಹೇಳಿ ಕಣ್ಣೊರೆಸಿಕೊಂಡರು.

ಭಾನುವಾರ ಅಂಗಡಿಯವರು ಬಂದರು. ಇವರು ನನ್ನ ಏಳು ಚುಕ್ಕೆಗಳ ಪ್ರಕಾರ ಒಂದು ಪದರ ಕೂರಿಸಿದರು, ಮಿಕ್ಕ ಮೂರನ್ನು ಹೊಸದಾಗಿ ಹಾಕಿದರು. ಸೋಮವಾರ ಕಸರತ್ತಿನ ಮೇಡಂ ಮಾತಿಗೆ ತಪ್ಪದೆ ಅದನ್ನು ಪೂರ್ತಿ ಹಾಕಿದರು. ಇವರು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಕೊನೆಯವರೆಗೆ ಕೇಳಿದರಂತೆ. ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು. ಅದಲ್ಲ," ಎಂದರು.

ಮಂಗಳವಾರದಿಂದ ಇವರು ನೆಲಮಾಳಿಗೆಯಲ್ಲಿದ್ದಾರೆ. ಯಂತ್ರ ಮೇಜಿನ ಮೇಲೇ ಇದೆ. ಆ ರಟ್ಟನ್ನು ನಾನು ಕಿತ್ತು ಒಲೆಗೆ ಹಾಕಿದೆ. ಆದರೂ ದಿನಾ ಕತ್ತಲಾಗುವ ಹೊತ್ತಿಗೆ ಮಾವ ಬೋರ್ಡಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕೇಳುತ್ತಾರೆ.

"ಅಮ್ಮ, ಈ ಲೈಟ್ ಹಾಕಬಹುದಾ?"

"ಹಾಕಿ ಮಾವ," ಎನ್ನುತ್ತೇನೆ.

ಅವರು ಹಾಕುವುದಿಲ್ಲ. ನಾನು ಹೊಲಿಗೆ ಬಿಟ್ಟು ಎದ್ದು ಬರುವವರೆಗೂ ಅಲ್ಲೇ ನಿಂತಿರುತ್ತಾರೆ.